ನಿಘಂಟು ನಮಗೆ, ಪಾಪ ಅವರಿಗೆ

ಕನ್ನಡ ಸಾಹಿತ್ಯ ಚರಿತ್ರೆಗಳಲ್ಲಿ ಮಿಷನರಿಗಳಿಗೆಂದೇ ಒಂದು ಅಧ್ಯಾಯ ಇರುತ್ತದೆ. ಯಾರೇ ಬರೆದರೂ ಅದು ಒಂದೇ ದಾರಿ ಹಿಡಿದು ಹೋಗುತ್ತದೆ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಬೈಬಲ್ ಅನುವಾದಿಸಿದರು. ವಿಲಿಯಂ ರೀವ್ ಕೋಶ ಕಟ್ಟಿದರು. ಹರ್ಮನ್ ಮೊಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ತಂದರು. ಫರ್ಡಿನಾಂಡ್ ಕಿಟೆಲ್ 1894ರಲ್ಲಿ ನಿಘಂಟು ಹೊರತಂದರು. ನಡುವೆ ಹಂಚಿನ ಕಾರ್ಖಾನೆ, ಮಗ್ಗ, ಅಚ್ಚಿನ ಮೊಳೆ, ಹೆಣ್ಣುಮಕ್ಕಳ ಶಾಲೆ. ಕೊನೆಯ ಪುಟದಲ್ಲಿ ತೀರ್ಪು: ಇವರ ಭಾಷಾಸೇವೆಗೆ ಕನ್ನಡಿಗರು ಋಣಿಗಳು; ಇವರ ಧರ್ಮಸಾಹಿತ್ಯ ಮಾತ್ರ ಮತಪ್ರಚಾರದ ಸರಕು, ಅದರಲ್ಲಿ ತುಂಬಿರುವ ಪಾಪಪ್ರಜ್ಞೆ ನಮ್ಮ ಮಣ್ಣಿನದಲ್ಲ.

ಬೈದಿದ್ದರೆ ಜಗಳಕ್ಕೆ ನಿಲ್ಲಬಹುದಿತ್ತು. ಇದು ಹೊಗಳಿಕೆಯ ವೇಷ ಹಾಕಿಕೊಂಡು ಬರುತ್ತದೆ, ಅದೇ ತೊಂದರೆ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಕಿಟೆಲ್ಲರ ಪ್ರತಿಮೆ ಇದೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಸಂತೋಷ. ಆದರೆ ಆ ಮನುಷ್ಯ ಮನೆಮಾರು ಬಿಟ್ಟು ಹಡಗು ಹತ್ತಿದ್ದು ನಿಘಂಟು ಮಾಡಲಿಕ್ಕಲ್ಲ. ಮನುಷ್ಯ ಪಾಪಿ, ತನ್ನ ಬಲದಿಂದ ಅವನು ಏಳಲಾರ, ಎತ್ತುವವನೊಬ್ಬನಿದ್ದಾನೆ: ಈ ಒಂದು ಮಾತು ಹೇಳಲಿಕ್ಕೆ ಬಂದರು. ಆ ಮಾತನ್ನು ಹೇಳಲು ಭಾಷೆ ಬೇಕಾಯಿತು, ಭಾಷೆಗೆ ನಿಘಂಟು ಬೇಕಾಯಿತು. ನಾವು ಉಪಕರಣವನ್ನು ಇಟ್ಟುಕೊಂಡು ಉದ್ದೇಶವನ್ನು ಹಿಂದಿರುಗಿಸಿದೆವು. ನಿಘಂಟು ನಮಗೆ, ಪಾಪ ಅವರಿಗೆ ಎಂಬ ಈ ಪಾಲುಪಟ್ಟಿಗೆ ಇಷ್ಟು ವರ್ಷ ಯಾರೂ ತಕರಾರು ತೆಗೆದಿಲ್ಲ.

ತಕರಾರು ತೆಗೆಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ನಾನು ಗುಳೇದಗುಡ್ಡದ ಕ್ರೈಸ್ತ ಸಭೆಯಲ್ಲಿ ಬೆಳೆದವನು. ಹಾಗಾಗಿ ನಿಷ್ಪಕ್ಷಪಾತ ಬಯಸುವವರು ಇಲ್ಲಿಗೇ ಓದು ನಿಲ್ಲಿಸಬಹುದು.

ಬಾಸೆಲ್ ಮಿಷನ್ನಿನವರು ಗುಳೇದಗುಡ್ಡದಲ್ಲಿ ನೆಲೆ ಮಾಡಿದ್ದು 1851ರಲ್ಲಿ. ಧಾರವಾಡ, ಹುಬ್ಬಳ್ಳಿ, ಬೆಟಗೇರಿ ಆದ ಮೇಲೆ ಈ ಕಡೆ ಬಂದರು. ಮುಂದೆ ಕಲಾದಗಿಯೇ ಜಿಲ್ಲೆಯ ಠಾಣೆಯಾಯಿತು. ಕಚೇರಿ ವಿಜಾಪುರಕ್ಕೆ ಹೋದದ್ದು 1885ರಲ್ಲಿ. ಸುತ್ತ ಕೆಂಪು ಗುಡ್ಡ, ಊರ ತುಂಬ ಕುಣಿಮಗ್ಗ. ಇವತ್ತಿಗೂ ಗುಳೇದಗುಡ್ಡ ಎಂದರೆ ಖಣ, ಇಳಕಲ್ಲ ಎಂದರೆ ಸೀರೆ. ಬಂದವರ ಹಿನ್ನೆಲೆ ಬಹುಮಟ್ಟಿಗೆ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಪಯಟಿಸಂ. ತತ್ತ್ವಶಾಸ್ತ್ರಕ್ಕಿಂತ ಹೆಚ್ಚಾಗಿ ಅದೊಂದು ಅಭ್ಯಾಸ: ರಾತ್ರಿ ಮಲಗುವ ಮುಂಚೆ ತನ್ನ ಎದೆಯನ್ನು ತಾನೇ ತಪಾಸಣೆ ಮಾಡುವುದು, ಸಿಕ್ಕಿದ್ದನ್ನು ದೇವರ ಮುಂದೆ ಇಡುವುದು.

ಈ ಅಭ್ಯಾಸವನ್ನು ನೇಕಾರರ ಓಣಿಯಲ್ಲಿ ಕಲಿಸಹೊರಟದ್ದೇ ತಮಾಷೆ ಎಂದು ನಮ್ಮ ಬುದ್ಧಿವಂತರು ನಗುತ್ತಾರೆ. ಅವರ ಕೈಯಲ್ಲೊಂದು ಸಿದ್ಧ ಉತ್ತರವಿದೆ: 1876–78ರ ಬರ. ಕಲಾದಗಿ ಜಿಲ್ಲೆ ಆ ಬರದಲ್ಲಿ ಬೆಂದುಹೋಯಿತು. ಗಂಜಿ ಎಲ್ಲಿ ಸಿಕ್ಕಿತೋ ಜನ ಅಲ್ಲಿ ಸೇರಿದರು. ಆದ್ದರಿಂದ ಇವರು ಹೊಟ್ಟೆಯ ಕ್ರೈಸ್ತರು, ಇವರ ಅಂತರಂಗ ವಿಚಾರಿಸುವುದು ವ್ಯರ್ಥ. ಹಸಿದವನಿಗೆ ಅಂತರಂಗ ಇರುವುದಿಲ್ಲ ಎಂದು ಹೇಳಲು ಎಷ್ಟು ಹೊಟ್ಟೆ ತುಂಬಿರಬೇಕು! ಮಗಳಿಗಿಟ್ಟ ರೊಟ್ಟಿ ಕದ್ದು ತಿಂದ ಅಪ್ಪನಿಗೆ ಪಾಪವೆಂದರೇನು ಎಂದು ಯಾವ ಪಾದ್ರಿಯೂ ತಿಳಿಸಿಕೊಡಬೇಕಾಗಿಲ್ಲ. ಬರ ಪಾಪಪ್ರಜ್ಞೆಯನ್ನು ಅಳಿಸುವುದಿಲ್ಲ, ಹರಿತ ಮಾಡುತ್ತದೆ. ಹೊಟ್ಟೆಗಾಗಿ ಬಂದವನು ಹೊಟ್ಟೆ ತುಂಬಿದ ಮೇಲೂ ರಾತ್ರಿ ಅತ್ತರೆ ಆ ಅಳು ಯಾರ ಲೆಕ್ಕಕ್ಕೆ?

ಹಾಗೆಂದು ಆ ಪರಂಪರೆ ಬರೆದದ್ದೆಲ್ಲ ಚಿನ್ನ ಎಂದು ನಾನು ವಾದಿಸುವುದಿಲ್ಲ. ಬಹುಪಾಲು ಕೆಟ್ಟ ಬರವಣಿಗೆ. ಆದರೆ ಅದು ಕೆಟ್ಟದ್ದು ಪರದೇಶದ್ದು ಎಂಬ ಕಾರಣಕ್ಕಲ್ಲ. ಕಾರಣ ಬೇರೆ ಇದೆ. ಅದನ್ನು ಕಾಣಲು ಒಂದು ಪುಸ್ತಕವನ್ನು ಹತ್ತಿರದಿಂದ ನೋಡಬೇಕು.

ಯೋಹಾನೆಸ್ ಗಾಸ್ನರ್ ಎಂಬ ಜರ್ಮನ್ ಪಾದ್ರಿ 1812ರಲ್ಲಿ ಮನುಷ್ಯನ ಹೃದಯದ ಬಗ್ಗೆ ಒಂದು ಚಿತ್ರಪುಸ್ತಕ ಪ್ರಕಟಿಸಿದರು. ಮಿಷನ್ನುಗಳ ಕೈ ಸೇರಿ ಅದು ಲೋಕದ ಎಷ್ಟೋ ಭಾಷೆಗಳಿಗೆ ಹೋಯಿತು. ಕನ್ನಡಕ್ಕೆ ‘ಹೃದಯದರ್ಪಣ’ವಾಗಿ ಬಂತು. ಪುಟಕ್ಕೊಂದು ದೊಡ್ಡ ಹೃದಯ. ಮೊದಲ ಚಿತ್ರದಲ್ಲಿ ಅದರ ನಡುಮಧ್ಯೆ ಸೈತಾನ, ಸುತ್ತ ಏಳು ಪ್ರಾಣಿಗಳು. ನವಿಲು ಗರ್ವ, ಹೋತ ಕಾಮ, ಹಂದಿ ಹೊಟ್ಟೆಬಾಕತನ, ಆಮೆ ಸೋಮಾರಿತನ, ಹುಲಿ ಸಿಟ್ಟು, ಹಾವು ಮತ್ಸರ, ಕಪ್ಪೆ ಲೋಭ. ಮುಂದಿನ ಚಿತ್ರದಲ್ಲಿ ಪಶ್ಚಾತ್ತಾಪ ಹುಟ್ಟಿ ಪ್ರಾಣಿಗಳು ಬೆನ್ನು ತಿರುಗಿಸುತ್ತವೆ. ಆಮೇಲೆ ಪವಿತ್ರಾತ್ಮ ಬಂದು ನೆಲೆಸುತ್ತದೆ.

ಈ ಪುಸ್ತಕ ಹಿಡಿದ ಒಬ್ಬ ಉಪದೇಶಿ ಗುಳೇದಗುಡ್ಡದಿಂದ ಬಾದಾಮಿಗೆ ಹೋಗಿ ಸಂತೆಯಲ್ಲಿ ಪುಟ ಬಿಚ್ಚಿದನೆಂದು ಇಟ್ಟುಕೊಳ್ಳಿ. ತಲೆಯ ಮೇಲೆ ಕಾಣುವ ಬಂಡೆಯಲ್ಲಿ ಚಾಲುಕ್ಯರ ಗುಹೆ. ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯಲ್ಲಿ ವರಾಹ ಭೂಮಿಯನ್ನು ಎತ್ತಿ ನಿಂತಿದ್ದಾನೆ. ವಿಷ್ಣು ಹಾವಿನ ಸುರುಳಿಯ ಮೇಲೆ ಕುಳಿತಿದ್ದಾನೆ. ಕೆಳಗೆ ಕೈಯಲ್ಲಿರುವ ಪುಸ್ತಕದಲ್ಲಿ ಹಂದಿ ಹೊಟ್ಟೆಬಾಕ, ಹಾವು ಮತ್ಸರ. ನವಿಲಂತೂ ಸುಬ್ರಹ್ಮಣ್ಯನ ವಾಹನ, ಆಮೆ ಕೂರ್ಮಾವತಾರ. ಸಂತೆಗೆ ಬಂದವನಿಗೆ ತನ್ನ ಪಾಪ ಕಂಡೀತೋ ತನ್ನ ದೇವರಿಗೆ ಆದ ಅಪಮಾನ ಕಂಡೀತೋ? ನಮ್ಮ ವಿಮರ್ಶಕರ ಪ್ರಕಾರ ಚರ್ಚೆ ಇಲ್ಲಿಗೆ ಮುಗಿಯಿತು: ನೋಡಿ, ಈ ಮಣ್ಣಿಗೆ ಒಗ್ಗಲಿಲ್ಲ.

ನನ್ನ ಆಕ್ಷೇಪ ಅಷ್ಟು ಸುಲಭದ್ದಲ್ಲ. ಬಸವಣ್ಣನವರು ತಮ್ಮ ಮನಸ್ಸನ್ನು ಕೊಂಬೆಯಿಂದ ಕೊಂಬೆಗೆ ನೆಗೆಯುವ ಕೋತಿಗೆ ಹೋಲಿಸಿದರು. ಕೋತಿ ಎಂದರೆ ಹನುಮಂತ. ಈ ಕಡೆ ಹನುಮಪ್ಪನ ಗುಡಿ ಇಲ್ಲದ ಊರಿಲ್ಲ. ಆದರೂ ಎಂಟುನೂರು ವರ್ಷದಲ್ಲಿ ಆ ವಚನ ಕೇಳಿ ಹನುಮಂತನಿಗೆ ಅಪಮಾನವಾಯಿತೆಂದು ಯಾರೂ ದಂಗೆ ಎದ್ದಿಲ್ಲ. ಏಕೆಂದರೆ ಬಸವಣ್ಣನವರು ‘ನನ್ನ ಮನಸ್ಸು’ ಎಂದರು. ಹೃದಯದರ್ಪಣ ‘ನಿನ್ನ ಹೃದಯ’ ಎಂದಿತು. ವ್ಯತ್ಯಾಸ ಪೂರ್ವ ಪಶ್ಚಿಮಗಳದಲ್ಲ. ಬೆರಳು ಯಾವ ಕಡೆ ತಿರುಗಿದೆ ಎಂಬುದು. ತನ್ನ ಎದೆಯ ಕಡೆ ತಿರುಗಿದ ಬೆರಳಿನಿಂದ ಬರೆದ ಪಾಪದ ಸಾಹಿತ್ಯ ಬದುಕುತ್ತದೆ. ಎದುರಿಗಿದ್ದವನ ಎದೆಗೆ ತಿವಿದು ಬರೆದದ್ದು ಕರಪತ್ರವಾಗಿ ಸಾಯುತ್ತದೆ.

ಇಷ್ಟಾದರೂ ಹೃದಯದರ್ಪಣದ ಒಂದು ಚಿತ್ರಕ್ಕೆ ನಾನು ಕೈ ಮುಗಿಯುತ್ತೇನೆ. ಪಶ್ಚಾತ್ತಾಪ ಆಗಿ, ಪ್ರಾಣಿಗಳು ಹೊರಟು, ಪವಿತ್ರಾತ್ಮ ಬಂದು ನೆಲೆಸಿದ ಮೇಲೆ ಕೆಲವು ಪುಟ ದಾಟಿದರೆ ಅವೇ ಪ್ರಾಣಿಗಳು ತಿರುಗಿ ಒಳಗೆ ನುಗ್ಗುವ ಚಿತ್ರ ಬರುತ್ತದೆ. ಗೆದ್ದವನು ಮತ್ತೆ ಸೋತ ಚಿತ್ರ. ಇಡೀ ಪುಸ್ತಕದಲ್ಲಿ ಪ್ರಾಮಾಣಿಕವಾದ ಪುಟ ಅದೊಂದೇ. ನಮ್ಮ ಸಭೆಗಳು ಮರೆತದ್ದೂ ಅದನ್ನೇ.

ಮರೆತು ಏನು ಬೆಳೆಸಿದರು? ಸಾಕ್ಷಿ. ಪ್ರಾರ್ಥನಾ ಕೂಟದಲ್ಲಿ, ಉಜ್ಜೀವನ ಕೂಟದಲ್ಲಿ ಎದ್ದು ನಿಂತು ಸಾಕ್ಷಿ ಹೇಳುವ ಪದ್ಧತಿಯಿದೆಯಲ್ಲ, ಅದು ಕನ್ನಡ ಕ್ರೈಸ್ತರ ನಿಜವಾದ ಸಾಹಿತ್ಯ ಪ್ರಕಾರ. ಅಚ್ಚಾದ ಪುಸ್ತಕ ಓದುವವರು ಕಡಿಮೆ, ಸಾಕ್ಷಿ ಕೇಳದವರು ಯಾರೂ ಇಲ್ಲ. ಅದರ ಕಟ್ಟು ಸದಾ ಒಂದೇ. ಮೊದಲು ಕುಡಿಯುತ್ತಿದ್ದೆ, ಹೆಂಡತಿಯನ್ನು ಹೊಡೆಯುತ್ತಿದ್ದೆ, ಇಸ್ಪೀಟು ಆಡುತ್ತಿದ್ದೆ. ಇಂಥ ದಿನ ಇಂಥ ಕೂಟದಲ್ಲಿ ರಕ್ಷಣೆ ಹೊಂದಿದೆ. ಅಂದಿನಿಂದ ಮುಟ್ಟಿಲ್ಲ, ಸ್ತೋತ್ರ. ಕೇಳಿದವರು ಹಲ್ಲೆಲೂಯ ಎನ್ನುತ್ತಾರೆ. ಪಾಪವೆಲ್ಲ ಭೂತಕಾಲದಲ್ಲಿ, ಕೃಪೆಯೆಲ್ಲ ಒಂದು ತಾರೀಖಿನಲ್ಲಿ. ಊರಿಂದೂರಿಗೆ ವರದಿ ಹೋಗುವ ಮಿಷನ್ನಿನಲ್ಲಿ ಈ ಕಟ್ಟಿಗೆ ಬೆಲೆ ಬಂದದ್ದು ಸಹಜ. ಇನ್ನೂ ಒದ್ದಾಡುತ್ತಿದ್ದಾನೆ ಎಂದು ಬರೆದರೆ ವರದಿ ಆಗುವುದಿಲ್ಲವಲ್ಲ.

ಇದರ ಪಕ್ಕಕ್ಕೆ ಇನ್ನೊಂದನ್ನು ಇಡುತ್ತೇನೆ. ನಮ್ಮ ಓಣಿಯಲ್ಲಿ ಕಂಡಿಕೆ ಸುತ್ತುತ್ತಿದ್ದ ಒಬ್ಬ ಮುದುಕಿ ಇದ್ದಳು. ಓದು ಬರಹ ಇರಲಿಲ್ಲ. ಕೂಟದಲ್ಲಿ ಅವಳ ಸರದಿ ಬಂದಾಗ ಪಾದ್ರಿಯವರು ಸ್ವಲ್ಪ ಚಡಪಡಿಸುತ್ತಿದ್ದರು. ಅವಳ ಪ್ರಾರ್ಥನೆ ಹೀಗಿರುತ್ತಿತ್ತು: “ತಂದೆ, ನಿನ್ನಿ ಸೊಸಿಗೆ ಬೈದೆ. ಹ್ವಾದ ವಾರ ನಿನ್ನ ಮುಂದ ಹೇಳಿದ್ದೆ, ಇನ್ನ ಬೈಯೂದಿಲ್ಲ ಅಂತ. ನಿನ್ನಿ ಮತ್ತ ಬೈದೆ. ನಾಳೆನೂ ಬೈತೀನಿ ಅನಸ್ತೈತಿ. ನನ್ನ ಬಾಯಿ ನನ್ನ ಮಾತ ಕೇಳೂದಿಲ್ಲ. ನೀ ಅಷ್ಟ ಕೈ ಬಿಡಬ್ಯಾಡ.” ಇದಕ್ಕೆ ಹಲ್ಲೆಲೂಯ ಹೇಳುವುದು ಹೇಗೆ? ಯಾರೂ ಹೇಳುತ್ತಿರಲಿಲ್ಲ. ಯುವಕರು ಮುಸಿಮುಸಿ ನಗುತ್ತಿದ್ದರು.

ನನ್ನ ಮಟ್ಟಿಗೆ ಕನ್ನಡ ಕ್ರೈಸ್ತ ಸಾಹಿತ್ಯದ ಶ್ರೇಷ್ಠ ಗದ್ಯ ಅದು. ಪಾಪ ವರ್ತಮಾನಕಾಲದಲ್ಲಿದೆ, ನಾಳೆಗೂ ಚಾಚಿದೆ. ಕೃಪೆ ಗೆಲುವಿನ ಪದಕವಾಗಿ ಬಂದಿಲ್ಲ. ಸೋಲಿನ ಮಧ್ಯೆ ಹಿಡಿದುಕೊಂಡ ಕೈಯಾಗಿ ಬಂದಿದೆ. ಬೇರೆ ಯಾರ ಹೃದಯದ ಮಾತೂ ಇಲ್ಲ. ಸೊಸೆಯ ತಪ್ಪನ್ನು ಅವಳು ದೇವರಿಗೂ ಹೇಳಲಿಲ್ಲ.

ಶಾಸ್ತ್ರವೂ ಮುದುಕಿಯ ಕಡೆಗಿದೆ. ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯ ಏಳನೆಯ ಅಧ್ಯಾಯದಲ್ಲಿ ತಾನು ಬಯಸಿದ್ದನ್ನು ಮಾಡಲಾರದ, ಹೇಸುವುದನ್ನೇ ಮಾಡುವ ತನ್ನ ಗತಿಯನ್ನು ವರ್ತಮಾನಕಾಲದಲ್ಲೇ ಹೇಳಿಕೊಳ್ಳುತ್ತಾನೆ. ಇದು ಯಾವಾಗಿನ ಪೌಲ ಎಂದು ಪಂಥಗಳು ಜಗಳವಾಡುತ್ತಲೇ ಬಂದಿವೆ. ವಿಶ್ವಾಸಕ್ಕೆ ಬರುವ ಮುಂಚಿನ ಮನುಷ್ಯನ ಗೋಳು ಎಂದವರುಂಟು. ಪಯಟಿಸ್ಟರಲ್ಲಿ ಅನೇಕರ ಒಲವು ಆ ಕಡೆಗೆ. ಅಗಸ್ಟೀನ ಮೊದಲು ಹಾಗೇ ಅಂದುಕೊಂಡು ವಯಸ್ಸಾದ ಮೇಲೆ ಅಭಿಪ್ರಾಯ ಬದಲಿಸಿದರು: ಇದು ನಂಬಿದವನದೇ ಹೋರಾಟ. ಲೂಥರ್ ಇನ್ನೂ ಮುಂದೆ ಹೋಗಿ, ನಂಬಿದವನು ಏಕಕಾಲಕ್ಕೆ ನೀತಿವಂತನೂ ಹೌದು, ಪಾಪಿಯೂ ಹೌದು ಎಂದರು. ಇಳಕಲ್ಲ ಸೀರೆ ನೇಯುವವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಮೈ ಹತ್ತಿಯದು, ಸೆರಗು ರೇಷ್ಮೆಯದು. ಎರಡರ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಹತ್ತಿ ರೇಷ್ಮೆಯಾಗುವುದಿಲ್ಲ, ಸೀರೆ ಮಾತ್ರ ಒಂದೇ. ಸಾಕ್ಷಿ ಹೇಳುವವನು ಹತ್ತಿ ರೇಷ್ಮೆಯಾಯಿತು ಎನ್ನುತ್ತಾನೆ. ಮುದುಕಿ ಕೊಂಡಿ ತೋರಿಸುತ್ತಾಳೆ.

ಜಾನ್ ಬನ್ಯನ್‌ನ ಯಾತ್ರಿಕನ ಕಥೆಗೂ ನಮ್ಮವರು ಹೀಗೇ ಮಾಡಿದರು. 1678ರ ಆ ಪುಸ್ತಕವನ್ನು 19ನೇ ಶತಮಾನದ ನಡುವಿನಲ್ಲೇ ಗಾಟ್‌ಫ್ರೀಡ್ ವೈಗ್ಲೆ ‘ಯಾತ್ರಿಕನ ಸಂಚಾರ’ವಾಗಿ ಕನ್ನಡಕ್ಕೆ ತಂದರು. ಬೆನ್ನ ಮೇಲಿನ ಪಾಪದ ಹೊರೆ ಶಿಲುಬೆಯ ಮುಂದೆ ಕಳಚಿ ಬೀಳುವ ದೃಶ್ಯ ಸಭೆಯಲ್ಲಿ ಎಲ್ಲರಿಗೂ ಬಾಯಿಪಾಠ. ಆದರೆ ಆ ದೃಶ್ಯ ಕಥೆಯ ಮೊದಲ ಭಾಗದಲ್ಲೇ ಬರುತ್ತದೆ. ಸೈತಾನನ ದೂತನೊಡನೆ ಕಾದಾಟ, ಸಂದೇಹದ ಕೋಟೆಯಲ್ಲಿ ನಿರಾಶೆಯೆಂಬ ರಾಕ್ಷಸನ ಸೆರೆ, ಇವೆಲ್ಲ ಹೊರೆ ಬಿದ್ದ ಮೇಲಿನ ಸಂಗತಿಗಳು. ಹೊರೆ ಇಳಿದವನಿಗೇ ನಿರಾಶೆಯ ಸೆರೆ ಕಾದಿತ್ತು ಎಂಬುದನ್ನು ಯಾವ ಪ್ರಸಂಗದಲ್ಲೂ ಕೇಳಿದ ನೆನಪು ನನಗಿಲ್ಲ.

ಈಗ ನನ್ನ ಮನುಷ್ಯನಿಗೆ ಬರುತ್ತೇನೆ. ಕಿಟೆಲ್ಲರಲ್ಲ, ಹರ್ಮನ್ ಮೊಗ್ಲಿಂಗ್.

ಮೊಗ್ಲಿಂಗರನ್ನು ನಾವು ಕನ್ನಡ ಪತ್ರಿಕೋದ್ಯಮದ ಪಿತಾಮಹರೆಂದು ಕರೆದು, ಜುಲೈ 1ರಂದು ಪತ್ರಿಕಾ ದಿನ ಆಚರಿಸಿ, ಅಲ್ಲಿಗೇ ಬಿಟ್ಟಿದ್ದೇವೆ. 1811ರಲ್ಲಿ ವುರ್ಟೆಂಬರ್ಗಿನ ಬ್ರಾಕನ್‌ಹೈಮಿನಲ್ಲಿ ಹುಟ್ಟಿ, ಟ್ಯೂಬಿಂಗನ್ನಿನಲ್ಲಿ ದೇವತಾಶಾಸ್ತ್ರ ಓದಿ, 1836ರಲ್ಲಿ ಮಂಗಳೂರಿಗೆ ಬಂದವರು. ಬಂದವರು ಮಾಡಿದ್ದೇನು? ‘ಜಾತಿವಿಚಾರಣೆ’ಯಂಥ ಕರಪತ್ರ ಬರೆದರು. ಅದು ಬೆರಳು ತಿವಿಯುವ ಜಾತಿಯ ಬರವಣಿಗೆ, ಅದನ್ನು ಸಮರ್ಥಿಸುವ ಹಟ ನನಗಿಲ್ಲ. ಅದೇ ಕೈ 1848ರಿಂದ 1853ರವರೆಗೆ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಬಸವಪುರಾಣವನ್ನು, ಜೈಮಿನಿ ಭಾರತವನ್ನು ಕಲ್ಲಚ್ಚಿನಲ್ಲಿ ತಂದಿತು; 1850ರ ಸುಮಾರಿಗೆ ದಾಸರ ಪದಗಳನ್ನು ಕೂಡಿಸಿ ಅಚ್ಚು ಹಾಕಿಸಿತು. ಅಲ್ಲಿಯವರೆಗೆ ಬಾಯಲ್ಲಿ, ತಂಬೂರಿಯಲ್ಲಿ, ಕೈಬರಹದ ಕಟ್ಟುಗಳಲ್ಲಿ ಇದ್ದ ಹಾಡುಗಳವು.

ಇದಕ್ಕೆ ವಿದ್ವಾಂಸರು ಎರಡು ವಿವರಣೆ ಕೊಡುತ್ತಾರೆ. ಒಂದು, ಹೊಸ ಮಿಷನರಿಗಳಿಗೆ ಭಾಷೆ ಕಲಿಯಲು ಪಠ್ಯ ಬೇಕಿತ್ತು. ಎರಡು, ಎದುರಾಳಿಯ ಆಯುಧ ತಿಳಿಯಬೇಕಿತ್ತು. ಎರಡೂ ನಿಜವೇ ಇರಬಹುದು, ಎರಡೂ ಸಾಲವು. ಭಾಷೆ ಕಲಿಯುವುದಕ್ಕಾದರೆ ಮಂಗಳೂರಿನಲ್ಲಿ ಅಚ್ಚಾದರೆ ಸಾಕಿತ್ತು. 1860ರಲ್ಲಿ ಜರ್ಮನ್ ಪ್ರಾಚ್ಯವಿದ್ಯಾ ಸಂಘದ ಪತ್ರಿಕೆಯಲ್ಲಿ ಕನ್ನಡ ಹಾಡುಗಾರರ ಪದಗಳನ್ನು ಜರ್ಮನ್ ಭಾಷೆಗೆ ತಿರುಗಿಸಿ ಪ್ರಕಟಿಸುವ ಅಗತ್ಯ ಏನಿತ್ತು? ಅಲ್ಲಿ ಯಾವ ಮಿಷನರಿಯೂ ಕನ್ನಡ ಕಲಿಯುತ್ತಿರಲಿಲ್ಲ, ಯಾವ ದಾಸಪಂಥದವನೂ ವಾದಕ್ಕೆ ಕುಳಿತಿರಲಿಲ್ಲ. ಎದುರಾಳಿಯ ಆಯುಧವನ್ನು ತನ್ನ ತಾಯ್ನುಡಿಯಲ್ಲಿ ಹಾಡಿಸಲು ಯಾರೂ ಹೆಣಗುವುದಿಲ್ಲ.

ನನ್ನ ವಿವರಣೆ ಇದು. ಪುರಾವೆ ಕೇಳುವವರು ಕೇಳಲಿ. ದಾಸರ ಪದಗಳಲ್ಲಿ ಕೃಷ್ಣನ ಆಟವಿದೆ, ಲೋಕದ ಡಂಭದ ಗೇಲಿಯಿದೆ. ಇವೆರಡಕ್ಕಿಂತ ಆಳದಲ್ಲಿ ತನ್ನನ್ನು ತಾನೇ ಕಟಕಟೆಗೆ ಏರಿಸಿಕೊಂಡವನ ಗೋಳಿದೆ. ನನ್ನಂಥ ನೀಚ ಬೇರಿಲ್ಲ, ನಿನ್ನಂಥ ದಯಾಳು ಬೇರಿಲ್ಲ ಎಂದು ಜಗಳ ಹೂಡುವ ದನಿ ಪುರಂದರದಾಸರಲ್ಲಿ, ಕನಕದಾಸರಲ್ಲಿ, ನಮ್ಮ ಬಾಗಲಕೋಟೆಯ ಪ್ರಸನ್ನವೆಂಕಟದಾಸರಲ್ಲಿ ಎಲ್ಲ ಇದೆ. ರಾತ್ರಿ ಎದೆ ತಪಾಸಣೆ ಮಾಡಿಕೊಂಡು ಬೆಳೆದ ವುರ್ಟೆಂಬರ್ಗಿನ ಹುಡುಗ ಆ ದನಿಯನ್ನು ಗುರುತಿಸಿದ. ತಾನು ಕಲಿಸಲು ಹೊರಟ ಪಾಠವನ್ನು ಈ ನಾಡು ಆಗಲೇ ಹಾಡಿಕೊಳ್ಳುತ್ತಿದೆ ಎಂಬ ಅರಿವು ಒಬ್ಬ ಮಿಷನರಿಗೆ ಎಷ್ಟು ಇಕ್ಕಟ್ಟಿನದು! ಒಪ್ಪಿಕೊಂಡರೆ ಬಂದ ಕೆಲಸಕ್ಕೆ ಅರ್ಥವಿಲ್ಲ, ಒಪ್ಪದಿದ್ದರೆ ಆತ್ಮಸಾಕ್ಷಿ ಬಿಡದು. ಮೊಗ್ಲಿಂಗರು ಹಗಲು ‘ಜಾತಿವಿಚಾರಣೆ’ ಹಂಚಿ ರಾತ್ರಿ ದಾಸರ ಪದ ನಕಲು ಮಾಡಿದವರಂತೆ ನನಗೆ ಕಾಣುತ್ತಾರೆ. ಆ ಒಡಕೇ ಅವರನ್ನು ಸಂಗಡಿಗರಿಗಿಂತ ದೊಡ್ಡವರನ್ನಾಗಿ ಮಾಡಿತು.

ಅವರ ಜೀವನಚರಿತ್ರೆ ಬರೆದವರು ಹರ್ಮನ್ ಗುಂಡರ್ಟ್. ಗುಂಡರ್ಟ್ ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿಯ ತಂದೆ. ಅದೇ ಪಯಟಿಸ್ಟ್ ಮನೆತನದಲ್ಲಿ, ಅದೇ ಎದೆ ತಪಾಸಣೆಯ ಉಸಿರುಕಟ್ಟಿನಲ್ಲಿ ಬೆಳೆದ ಹೆಸ್ಸೆ ಮೌಲ್‌ಬ್ರಾನ್ ಸೆಮಿನರಿಯಿಂದ ಓಡಿಹೋದ, ಮುಂದೆ 1922ರಲ್ಲಿ ‘ಸಿದ್ಧಾರ್ಥ’ ಬರೆದ. ಅದನ್ನು ನಾವು ತಲೆಯ ಮೇಲಿಟ್ಟುಕೊಂಡು ಓದುತ್ತೇವೆ. ಪೂರ್ವದ ಶಾಂತಿ ಪಶ್ಚಿಮಕ್ಕೆ ತಿಳಿಯಿತು ಎಂದು ಬೀಗುತ್ತೇವೆ. ಆ ಪುಸ್ತಕದ ಬೆನ್ನಿಗೆ ನಿಂತ ಅಪರಾಧಪ್ರಜ್ಞೆಯ ಕುಲುಮೆ ಮಾತ್ರ ನಮಗೆ ಪರದೇಶಿ ರೋಗ. ಮೊಮ್ಮಗ ಬೇಕು, ಅಜ್ಜ ಬೇಡ.

ಕಿಟೆಲ್ಲರ ಬಗ್ಗೆ ಎರಡು ಮಾತು. 1862ರಲ್ಲಿ ಅವರು ಯೇಸುವಿನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದರು. ದೇಸಿತನ ಹುಡುಕುವವರು ಅದನ್ನೇ ಎತ್ತಿ ತೋರಿಸುತ್ತಾರೆ: ನೋಡಿ, ಕ್ರಿಸ್ತನಿಗೆ ಕನ್ನಡದ ಉಡುಪು. ಉಡುಪೇನೋ ಸರಿ. ಆದರೆ ಅದು ‘ಅವನ’ ಕಥೆ. ‘ನಾನು’ ಎಂಬ ಪಾಪಿ ಅಲ್ಲಿ ಬಾಯಿ ತೆರೆಯುವುದಿಲ್ಲ. ಕ್ರೈಸ್ತ ಬರಹ ಕನ್ನಡದ್ದಾಗುವುದು ಛಂದಸ್ಸಿನಿಂದ ಎಂದು ನಂಬಿದವರು ದೇಸಿಯನ್ನೂ ತಿಳಿದಿಲ್ಲ, ಕೃಪೆಯನ್ನೂ ತಿಳಿದಿಲ್ಲ. ಜರ್ಮನ್ ರಾಗಕ್ಕೆ ಕನ್ನಡ ಪದ ಹೊಂದಿಸಿದ ಗೀತೆಗಳಲ್ಲಿ ಲಘು ಎಳೆದು ಗುರುವಾಗುತ್ತದೆ, ಗುರು ಮುರಿದು ಲಘುವಾಗುತ್ತದೆ. ನಮ್ಮ ಹಾಡುಗಾರರಿಗೆ ಕಿವಿ ನೋಯುತ್ತದೆ. ಆದರೂ ಅವುಗಳಲ್ಲಿ ಕೆಲವನ್ನು ಮಣ್ಣಿಗೆ ಹೋದಾಗ ಹಾಡಿದರೆ ಎದೆ ಒಡೆಯುತ್ತದೆ, ಏಕೆಂದರೆ ಅಲ್ಲಿ ಹಾಡುವವನು ‘ನಾನು’ ಎನ್ನುತ್ತಾನೆ. ಛಂದಸ್ಸು ಕುಂಟಿದರೂ ದನಿ ನಿಜ.

ಮೊಗ್ಲಿಂಗರಿಗೂ ಅವರ ಸಂಗಡಿಗರಿಗೂ ತಪ್ಪಿಹೋದದ್ದು ಒಂದಿದೆ. ಅವರ ಕೈಗೆ ಸಿಕ್ಕಿದ್ದು ಬಸವಪುರಾಣ, ಬಸವಣ್ಣನಲ್ಲ. ಗಾಟ್‌ಲೋಬ್ ವುರ್ತ್ ಬಸವಪುರಾಣವನ್ನು ಇಂಗ್ಲಿಷಿಗೆ ತಿರುಗಿಸಿ 1860ರ ದಶಕದಲ್ಲಿ ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಪವಾಡಗಳ ಆ ಪುಸ್ತಕದಿಂದ ಅವರು ಲಿಂಗಾಯತರನ್ನು ಅಳೆದರು. ಹುನಗುಂದ ತಾಲೂಕಿನ ಕೂಡಲಸಂಗಮದಲ್ಲಿ, ಮಲಪ್ರಭೆ ಕೃಷ್ಣೆಯನ್ನು ಸೇರುವಲ್ಲಿ, ಒಬ್ಬ ಹುಡುಗ ಬೆಳೆದು ಮುಂದೆ ಕನ್ನಡದಲ್ಲಿ ಯಾರೂ ಬರೆಯದ ಆತ್ಮನಿಂದೆಯ ಗದ್ಯ ಬರೆದನೆಂಬುದು ಗುಳೇದಗುಡ್ಡದ ಬಂಗಲೆಗೆ ಮುಟ್ಟಲಿಲ್ಲ. ವಚನದ ಕಟ್ಟುಗಳು ಮಠಗಳಲ್ಲಿ, ಮನೆಗಳ ಜಗಲಿಯ ಮೇಲೆ ಇದ್ದವು. ಫ. ಗು. ಹಳಕಟ್ಟಿಯವರು ಅವನ್ನು ಹೊತ್ತು ತಿರುಗಿ ‘ವಚನಶಾಸ್ತ್ರಸಾರ’ ಹೊರತಂದದ್ದು 1923ರಲ್ಲಿ. ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟ ತಿರುಗಿ ಕಳಿಸಿತೆಂಬ ಕಥೆಯನ್ನು ನಮ್ಮ ಕಡೆ ಹೆಮ್ಮೆಯಿಂದ ಹೇಳುತ್ತಾರೆ: ಬೈಬಲ್ಲಿಗಿಂತ ಮಿಗಿಲಾದದ್ದು ಕಂಡು ಹೆದರಿದರಂತೆ. ಕಥೆ ಹೇಗೇ ಇರಲಿ, ಅದನ್ನು ಹೇಳುವವರ ಸಂಭ್ರಮ ನನಗೆ ಅರ್ಥವಾಗುವುದಿಲ್ಲ. ಹೆದರಿದ್ದರೆ ಪಾದ್ರಿಗಳು ಹೆದರಿದ್ದು ಯಾವುದಕ್ಕೆ? ಕ್ರಾಂತಿಗಲ್ಲ. ತಾವು ಮಾರಲು ತಂದ ಅಳು ಇಲ್ಲಿ ಆಗಲೇ ಧಾರಾಳವಾಗಿದೆ ಎಂಬುದಕ್ಕೆ.

ಆ ಅಳುವನ್ನು ಒಮ್ಮೆ ಗಮನವಿಟ್ಟು ಓದಬೇಕು. ತನ್ನ ತಪ್ಪು ಎಣಿಕೆ ಮೀರಿದ್ದು, ಸಂಗಮದೇವನ ತಾಳ್ಮೆಯೂ ಎಣಿಕೆ ಮೀರಿದ್ದು ಎಂಬ ಲೆಕ್ಕಾಚಾರ. ಹೊಸ್ತಿಲಲ್ಲಿ ಹುಲ್ಲು ಬೆಳೆದ ಮನೆಯಂತೆ ತನ್ನೊಳಗೆ ಒಡೆಯನೇ ಇಲ್ಲವೇನೋ ಎಂಬ ಶಂಕೆ. ಹೊರಗೆ ಭಕ್ತ, ಒಳಗೆ ಬೇರೆ ಎಂಬ ಹೇಸಿಕೆ. ಬಿಜ್ಜಳನ ಭಂಡಾರ ನೋಡಿಕೊಂಡ ಮನುಷ್ಯ, ಸಾವಿರಾರು ಜನ ಕಾಲಿಗೆ ಬೀಳುತ್ತಿದ್ದ ಮನುಷ್ಯ, ತನಗಿಂತ ಕಿರಿಯರಿಲ್ಲ ಎಂದು ಬರೆದದ್ದು ವಿನಯದ ಆಚಾರಕ್ಕೆ ಎಂದು ತಿಳಿದವರು ಆ ವಚನಗಳನ್ನು ಓದಿಯೇ ಇಲ್ಲ. ಅವುಗಳಲ್ಲಿ ಸಾಕ್ಷಿ ಕೊಡುವವನ ಗೆಲುವಿಲ್ಲ. ವಚನ ಮುಗಿದ ಮೇಲೂ ಹೋರಾಟ ಮುಗಿದಿರುವುದಿಲ್ಲ. ನಮ್ಮ ಓಣಿಯ ಮುದುಕಿ ಯಾರ ವಂಶದವಳು ಎಂದು ಈಗ ಹೇಳಬೇಕಾಗಿಲ್ಲ.

ಇಲ್ಲಿ ಸಮನ್ವಯವಾದಿಗಳು ಎದ್ದು ನಿಂತು, ಹಾಗಾದರೆ ಎರಡೂ ಒಂದೇ ಎನ್ನುತ್ತಾರೆ. ದಯವಿಟ್ಟು ಕುಳಿತುಕೊಳ್ಳಿ. ಎರಡೂ ಒಂದೇ ಅಲ್ಲ. ಪೌಲನಿಗೆ ಪಾಪ ತೋರಿಸಿದ್ದು ಧರ್ಮಶಾಸ್ತ್ರದ ಕಟ್ಟಳೆ. ಬಸವಣ್ಣನವರಿಗೆ ತೋರಿಸಿದ್ದು ಭಕ್ತಿಯ ಸೋಗು. ಪೌಲನ ಕೃಪೆಗೆ ಬೆಲೆ ಕಟ್ಟಿದ್ದು ಒಬ್ಬನ ರಕ್ತ. ಬಸವಣ್ಣನವರ ಕೃಪೆ ಶರಣರ ಸಂಗದಲ್ಲಿ, ಜಂಗಮದ ಪಾದದಲ್ಲಿ ಇಳಿಯುತ್ತದೆ. ನನ್ನ ಸಭೆಯವನಾಗಿ ನಾನು ಮೊದಲನೆಯದನ್ನು ನಂಬುತ್ತೇನೆ. ಆದರೆ ನಂಬಿಕೆ ಒಂದು, ಕಿವಿ ಒಂದು. ಎರಡು ಮನೆಯ ಅಳು ಬೇರೆ ಬೇರೆ ಎಂದು ತಿಳಿಯಲಿಕ್ಕೂ ಮೊದಲು ಅಳು ಕೇಳಿಸಬೇಕು.

ಕೇಳಿಸದಿರುವುದೇ ಇವತ್ತಿನ ಕನ್ನಡ ಸಂಸ್ಕೃತಿಯ ಕಾಯಿಲೆ. ಕ್ರೈಸ್ತರಿಗೆ ಮಾಡಿದ್ದನ್ನೇ ನಾವು ಬಸವಣ್ಣನವರಿಗೂ ಮಾಡಿದ್ದೇವೆ. 2024ರ ಜನವರಿಯಲ್ಲಿ ಸರ್ಕಾರ ಅವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಕಚೇರಿಗಳಲ್ಲಿ ಪಟ ಬಂತು. ಭಾಷಣಗಳಲ್ಲಿ ಅವರು ಸಮಾಜ ಸುಧಾರಕ, ಸಂಸತ್ತಿನ ಶಿಲ್ಪಿ, ಕಾಯಕದ ಪ್ರವರ್ತಕ. ಯಾವ ಭಾಷಣಕಾರನೂ ಅವರು ತಮ್ಮನ್ನು ಪಾಪಿಯೆಂದು ಕರೆದುಕೊಂಡ ವಚನ ಎತ್ತುವುದಿಲ್ಲ. ಎತ್ತಿದರೆ ಮರುಕ್ಷಣ ವೇದಿಕೆಯಲ್ಲಿ ಕುಳಿತವರ ಕಡೆ ಕಣ್ಣು ಹೋಗುತ್ತದೆ ಎಂಬ ಭಯ. ಕಿಟೆಲ್ಲರಿಂದ ಪ್ರಾರ್ಥನೆ ಕಿತ್ತು ನಿಘಂಟು ಉಳಿಸಿಕೊಂಡವರೇ ಬಸವಣ್ಣನವರಿಂದ ಕಣ್ಣೀರು ಕಿತ್ತು ಘೋಷಣೆ ಉಳಿಸಿಕೊಂಡರು.

ಇಳಕಲ್ಲಿನ ಮಹಾಂತ ಶಿವಯೋಗಿಗಳ ಗತಿಯೂ ಇದೇ ಆಗುತ್ತಿದೆ. ಚಿತ್ತರಗಿ ಸಂಸ್ಥಾನ ಮಠದ ಆ ಸ್ವಾಮೀಜಿ ಜೋಳಿಗೆ ಹಿಡಿದು ಊರೂರು ತಿರುಗಿ, ಕೇರಿಗಳಿಗೆ ನಡೆದು, ಕಾಳುಕಡಿಯ ಬದಲು ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದರು. ಗುಟಕಾ, ಬೀಡಿ, ಸೆರೆ: ಏನಿದೆಯೋ ಹಾಕು ಎಂದರು. 2018ರಲ್ಲಿ ಅವರು ಲಿಂಗೈಕ್ಯರಾದರು; ಅವರು ಹುಟ್ಟಿದ ಆಗಸ್ಟ್ 1 ಈಗ ಸರ್ಕಾರಿ ವ್ಯಸನಮುಕ್ತ ದಿನ. ದಿನಾಚರಣೆಯ ಭಾಷಣಗಳಲ್ಲಿ ಮಹಾಂತ ಜೋಳಿಗೆ ಒಂದು ಸಾಮಾಜಿಕ ಯೋಜನೆ, ಫಲಾನುಭವಿಗಳ ಪಟ್ಟಿಯೊಂದು ಬಾಕಿ. ನಾನು ಕಾಣುವುದು ಬೇರೆ. ಉಪದೇಶ ಮಾಡುವವನು ಕೊಡುವ ಜಾಗದಲ್ಲಿ ನಿಲ್ಲುತ್ತಾನೆ; ಈ ಸ್ವಾಮೀಜಿ ಬೇಡುವ ಜಾಗದಲ್ಲಿ ನಿಂತರು. ಬಿಡು ಎಂದು ಗದರಲಿಲ್ಲ, ನನಗೆ ಕೊಡು ಎಂದು ಕೈ ಚಾಚಿದರು. ಚಟ ಹೊತ್ತವನ ಬಳಿ ಕೊಡಲು ಅದೊಂದನ್ನು ಬಿಟ್ಟು ಏನೂ ಇರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಕೃಪೆಯ ಬಗ್ಗೆ ಬಾಸೆಲ್ಲಿನ ಯಾವ ಕರಪತ್ರವೂ ಇಷ್ಟು ಸ್ಪಷ್ಟವಾಗಿ ಹೇಳಲಿಲ್ಲ. ಈ ಮಾತು ನನ್ನ ಸಭೆಯವರಿಗೆ ಹಿಡಿಸದು, ಮಠದವರಿಗೂ ಹಿಡಿಸದು.

ಸಾಹಿತ್ಯದವರೂ ಬೇರೆಯಲ್ಲ. 1965ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ ಬಂದಾಗ ಪ್ರಾಣೇಶಾಚಾರ್ಯರ ತಳಮಳವನ್ನು ವಿಮರ್ಶಕರು ಅಸ್ತಿತ್ವವಾದದ ಖಾತೆಗೆ ಬರೆದರು. ಒಬ್ಬ ಕನ್ನಡಿಗ ತನ್ನ ತಪ್ಪಿನ ಮುಂದೆ ನಡುಗಿದರೆ ಅದಕ್ಕೆ ಪ್ಯಾರಿಸ್ಸಿನಲ್ಲೋ ಬಾಸೆಲ್ಲಿನಲ್ಲೋ ಮೂಲ ಹುಡುಕುವುದು ನಮ್ಮ ರೂಢಿ. ನಮ್ಮದು ಆನಂದದ, ಅನುಭಾವದ, ಲೀಲೆಯ ಪರಂಪರೆ; ತಪ್ಪೊಪ್ಪಿಗೆ ಸೆಮೆಟಿಕ್ ಮತಗಳ ಸರಕು. ಕೇಳಲು ಹಿತವಾಗಿದೆ. ಈ ಹಿತಕ್ಕೆ ಒಂದು ಬೆಲೆಯಿದೆ: ಅಸ್ಪೃಶ್ಯತೆಯ ಬಗ್ಗೆ ಇಷ್ಟು ಪುಸ್ತಕ ಬಂದವು, ‘ನಾನು ಮುಟ್ಟಿಸಿಕೊಳ್ಳಲಿಲ್ಲ, ಇವತ್ತೂ ನನ್ನ ಕೈ ಹಿಂಜರಿಯುತ್ತದೆ’ ಎಂದು ವರ್ತಮಾನಕಾಲದಲ್ಲಿ ಬರೆದ ಮೇಲ್ಜಾತಿಯವರ ಆತ್ಮಕಥೆ ಎಷ್ಟು? ಎಲ್ಲರೂ ಸಾಕ್ಷಿಯನ್ನೇ ಹೇಳಿದರು. ಮೊದಲು ಹಾಗಿದ್ದೆ, ಆಮೇಲೆ ಗಾಂಧಿ ಬಂದರು, ಲೋಹಿಯಾ ಬಂದರು, ಅಂದಿನಿಂದ ಮುಟ್ಟಿಲ್ಲ, ಸ್ತೋತ್ರ.

ಆದ್ದರಿಂದ ಮಿಷನರಿಗಳ ಅಧ್ಯಾಯವನ್ನು ಅವರ ಮರ್ಯಾದೆಗಾಗಿ ತಿದ್ದಬೇಕೆಂದು ನಾನು ಕೇಳುತ್ತಿಲ್ಲ. ಅವರಿಗೆ ಅದರ ಹಂಗಿಲ್ಲ. ಬಾಗಲಕೋಟೆ ಸೀಮೆಯ ಸಾಹಿತ್ಯ ಚರಿತ್ರೆಯನ್ನು ಯಾರಾದರೂ ಮನಸ್ಸಿಟ್ಟು ಬರೆಯುವುದಾದರೆ ಒಂದೇ ಅಧ್ಯಾಯದಲ್ಲಿ ಕೂಡಲಸಂಗಮದ ಆತ್ಮನಿಂದೆಯ ವಚನ, ಪ್ರಸನ್ನವೆಂಕಟದಾಸರ ಮೊರೆ, ಗುಳೇದಗುಡ್ಡದ ಸಭೆಯ ಪ್ರಾರ್ಥನೆ ಮೂರನ್ನೂ ಕೂಡಿಸಬೇಕು; ಎಲ್ಲಿ ಕೂಡುತ್ತವೆ, ಎಲ್ಲಿ ಬೇರಾಗುತ್ತವೆ ಎಂದು ಮುಲಾಜಿಲ್ಲದೆ ತೂಗಬೇಕು. ಆಗ ನನ್ನ ಪರಂಪರೆಯ ಮುಕ್ಕಾಲು ಭಾಗ ಕಸದ ಬುಟ್ಟಿಗೆ ಹೋದೀತು, ಹೋಗಲಿ. ಉಳಿದ ಕಾಲುಭಾಗ ಸ್ವಂತ ಕಾಲ ಮೇಲೆ ನಿಲ್ಲುತ್ತದೆ. ಅದಕ್ಕೆ ತಯಾರಿಲ್ಲದವರು ಸ್ವದೇಶಿ ಪರದೇಶಿ ಎಂದು ಗೆರೆ ಎಳೆಯುತ್ತ ಕೂಡಬಹುದು. ತನ್ನ ತಪ್ಪನ್ನು ತಾನು ಹೇಳಿಕೊಳ್ಳಲು ಬಾರದವರಿಗೆ ಇನ್ನೊಬ್ಬರ ತಪ್ಪು ಎಣಿಸುವುದೊಂದೇ ಕೆಲಸ ಉಳಿಯುತ್ತದೆ. ನಮ್ಮ ವಿಮರ್ಶೆ ಸದ್ಯ ಆ ನೌಕರಿಯಲ್ಲಿದೆ.